ಬೆಂದ ಮೊಟ್ಟೆಯ ಕಾವು

ಕೋಳಿ ಸಾಕುವುದರಲ್ಲಿ ದೊಡ್ಡವಳನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಈ ಸಂಗತಿ ಬೀದಿಗೆ ಗೊತ್ತಿತ್ತೋ ಇಲ್ಲವೋ, ದೊಡ್ಡವಳಿಗಂತೂ ಚೆನ್ನಾಗಿ ಗೊತ್ತಿತ್ತು. ಅವಳ ಹಿತ್ತಲಿನಲ್ಲಿ ಒಂಬತ್ತು ಹತ್ತು ಹೇಂಟೆಗಳು, ಒಂದೇ ಒಂದು ಹುಂಜ. ಎರಡನೆಯ ಹುಂಜ ಅಲ್ಲಿ ಬಾಳಿದ್ದೇ ಇಲ್ಲ. ಗಂಡುಮರಿಗಳನ್ನು ಅವಳು ನುಚ್ಚು ಹಾಕಿ ಚೆನ್ನಾಗಿಯೇ ಬೆಳೆಸುತ್ತಿದ್ದಳು. ಆದರೆ ಯಾವುದಾದರೂ ಒಂದು ಕತ್ತು ನಿಗುರಿಸಿ ಒಡಕು ದನಿಯಲ್ಲಿ ಮೊದಲ ಸಲ ಕೂಗಿತೋ, ಅವತ್ತೇ ಅದರ ಕಾಲು ಕಟ್ಟಿ ಮಾಂಸದಂಗಡಿಗೆ ಕಳಿಸಿಬಿಡುತ್ತಿದ್ದಳು. "ಇಬ್ಬರು ಯಜಮಾನರನ್ನ ಸಾಕೋಕೆ ನನ್ನ ಕೈಲಾಗಲ್ಲ" ಎನ್ನುತ್ತಿದ್ದಳು, ಮನೆಯ ಯಜಮಾನ ಪಕ್ಕದಲ್ಲೇ ಕೂತು ಟೀ ಹೀರುತ್ತಿದ್ದರೂ.

ಉಳಿದ ಆ ಒಂದು ಹುಂಜದ ಹೆಸರು ದಫೇದಾರ. ಅದು ಎದೆ ಸೆಟೆಸಿ ನಡೆಯುತ್ತಿತ್ತು, ಆದರೆ ದೊಡ್ಡವಳು ಹಿತ್ತಲಿಗೆ ಕಾಲಿಟ್ಟರೆ ದಾರಿ ಬಿಡುತ್ತಿತ್ತು. ಬಡಪಾಯಿ ಹೇಂಟೆಗಳಿಗೂ ಹೊಟ್ಟೆ ತುಂಬಲೆಂದು ಅವಳು ಮೇವನ್ನು ಎರಡು ತಟ್ಟೆಯಲ್ಲಿ ಎರಡು ಕಡೆ ಇಡುತ್ತಿದ್ದಳು. ಯಾವುದರ ಬೆನ್ನಲ್ಲಾದರೂ ರಕ್ತ ಕಂಡರೆ ಕೂಡಲೇ ಮಸಿ ಬಳಿದು ಬೇರೆ ಕೂಡಿಹಾಕುತ್ತಿದ್ದಳು. ಕೆಂಪು ಕಂಡಲ್ಲಿ ಕುಕ್ಕುವುದು ಕೋಳಿಗಳ ಗುಣ. ಒಂದು ಶುರು ಮಾಡಿದರೆ ಎಲ್ಲವೂ ಸೇರಿ ಪ್ರಾಣ ಹೋಗುವವರೆಗೂ ಕುಕ್ಕುತ್ತವೆ. ಇಷ್ಟೆಲ್ಲ ತಿಳಿದವಳು ತನ್ನ ಗುಣ ತಿಳಿಯದೆ ಹೋದಳು ಎಂದರೆ ಅದು ಅವಳ ಕರ್ಮ, ನಾವೇನು ಮಾಡೋಣ.

ಅಷ್ಟೂ ಕೋಳಿಗಳಲ್ಲಿ ಅವಳ ಜೀವವೆಲ್ಲ ಇದ್ದದ್ದು ಅಮ್ಮಣ್ಣಿಯ ಮೇಲೆ. ಅಮ್ಮಣ್ಣಿ ಕಪ್ಪು ಹೇಂಟೆ. ಮರಿಯಾಗಿದ್ದಾಗ ಕಾಲೂರಲಾಗದೆ ಬಿದ್ದಿದ್ದದ್ದನ್ನು ದೊಡ್ಡವಳು ಮಡಿಲಲ್ಲಿಟ್ಟುಕೊಂಡು, ಬೆರಳ ತುದಿಯಿಂದ ನೀರು ಕುಡಿಸಿ ಬದುಕಿಸಿದ್ದಳು. ಈಗಲೂ ಅವಳು ಮೆಟ್ಟಿಲ ಮೇಲೆ ಕೂತರೆ ಅದು ಬಂದು ತೊಡೆ ಏರುತ್ತಿತ್ತು. ಗಂಡನಿಗೆ ಆಡದ ಮಾತನ್ನೆಲ್ಲ ಅವಳು ಅದರ ಜೊತೆ ಆಡುತ್ತಿದ್ದಳು. ಕಾವಿಗೆ ಕೂರುವುದರಲ್ಲೂ ಅಮ್ಮಣ್ಣಿಯದು ಹಟಮಾರಿ ಜಾತಿ. ಬೇರೆ ಹೇಂಟೆಗಳು ದಿನಕ್ಕೊಮ್ಮೆ ತಾವೇ ಎದ್ದು ನಾಲ್ಕು ಕಾಳು ತಿಂದು, ನೀರು ಕುಡಿದು, ಮೈ ಕೊಡವಿ ಮತ್ತೆ ಬಂದು ಕೂರುತ್ತವೆ. ಇದು ಏಳುತ್ತಲೇ ಇರಲಿಲ್ಲ. ದಿನಾ ಕೈಯಾರೆ ಎತ್ತಿ ಮೇವಿನ ಮುಂದೆ ನಿಲ್ಲಿಸಬೇಕು. ಇಲ್ಲದಿದ್ದರೆ ಕೂತಲ್ಲೇ ಒಣಗಿಹೋಗುವ ಪೈಕಿ.

ಮನೆ ಎರಡು ಪಾಲಾಗಿತ್ತು. ಅಣ್ಣ, ಅಂದರೆ ದೊಡ್ಡವಳ ಗಂಡ, ಬಸ್ ಡ್ರೈವರ್; ತಮ್ಮ ಕರೆಂಟಿನ ಕೆಲಸದವನು. ನಡುಮನೆಗೆ ಗೋಡೆ ಎದ್ದಿತ್ತು, ಹಿತ್ತಲಿಗೆ ತಂತಿಬಲೆ ಬಂದಿತ್ತು, ಬಲೆಯಲ್ಲೊಂದು ಪುಟ್ಟ ಗೇಟು. ತಮ್ಮನ ಹೆಂಡತಿ ಹಿಂದಿನ ಕಿಟಕಿಯ ಬಳಿ ಮೆಷಿನ್ ಹಾಕಿಕೊಂಡು ಊರವರ ಬಟ್ಟೆ ಹೊಲಿಯುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಚಿಕ್ಕವಳು. ನೆಲ ನೋಡಿ ನಡೆಯುವ ಹೆಣ್ಣು, ಎದುರು ಮಾತಾಡಿದವಳಲ್ಲ. ದೊಡ್ಡವಳ ಲೆಕ್ಕದಲ್ಲಿ ಅವಳು ಎರಡನೆಯ ತಟ್ಟೆಯಲ್ಲಿ ತಿನ್ನುವ ಹೇಂಟೆ.

ಅಂಥವಳು ಒಂದು ದಿನ ಬಲೆಯ ಆಚೆ ನಿಂತು, "ಬಾವ, ನಮ್ಮ ಕಡೇನೂ ಗೂಡು ಖಾಲಿ ಇದೆ. ನಾಲ್ಕು ಮರಿ ಮಾಡಿಕೊಳ್ಳೋಣ ಅಂತ ಆಸೆ. ಅಮ್ಮಣ್ಣಿ ಕಾವಿಗೆ ಬಂದಿದೆಯಂತೆ, ಒಂದು ಸಲಕ್ಕೆ ಕೊಡ್ತೀರಾ?" ಎಂದು ಕೇಳಿಬಿಟ್ಟಳು. ಕೇಳಿದ್ದು ದೊಡ್ಡವಳನ್ನಲ್ಲ, ಬಾವನನ್ನು. ಬಾವ ಧಾರಾಳಿ, ತನ್ನದಲ್ಲದ್ದನ್ನು ಕೊಡುವಾಗಲಂತೂ ಇನ್ನೂ ಧಾರಾಳಿ.

"ಅದಕ್ಕೇನಮ್ಮ? ಮರಿ ಆಗೋವರೆಗೂ ಕೋಳಿ ನಿನ್ನ ಹತ್ರಾನೇ ಇರಲಿ. ಮೊಟ್ಟೇನೂ ನಮ್ಮದೇ ಇಟ್ಕೊ. ಮಾತು ಅಂದ್ರೆ ಮಾತು."

ದೊಡ್ಡವಳು ಮನಸ್ಸಿನಲ್ಲೇ ಎಣಿಸಿದಳು. ಇಂದು ನಾಲ್ಕು ಮರಿ, ನಾಳೆ ನಲವತ್ತು ಮೊಟ್ಟೆ, ನಾಡಿದ್ದು ಬೀದಿಯವರೆಲ್ಲ ಆ ಕಡೆಯ ಬಾಗಿಲು ತಟ್ಟುತ್ತಾರೆ. ಬೀದಿಗೆಲ್ಲ ಮೊಟ್ಟೆ ಮಾರಿ ಮೊಟ್ಟೆಯಕ್ಕ ಎಂದು ಕರೆಸಿಕೊಂಡು ಅಭ್ಯಾಸವಾದ ಕಿವಿಗೆ ಇನ್ನೊಬ್ಬ ಮೊಟ್ಟೆಯಕ್ಕ ಇರುವುದನ್ನು ಸಹಿಸುವುದು ಸುಲಭವಲ್ಲ. ಅವಳು ಸೀದಾ ಒಳಗೆ ಹೋದಳು, ಬುಟ್ಟಿಯಿಂದ ಒಳ್ಳೊಳ್ಳೆಯ ಮೊಟ್ಟೆಗಳನ್ನೇ ಆರಿಸಿದಳು, ಪಾತ್ರೆಯಲ್ಲಿ ನೀರಿಟ್ಟು ಅವನ್ನು ಚೆನ್ನಾಗಿ ಬೇಯಿಸಿದಳು. ಆಮೇಲೆ ತಣಿಸಿ, ಒರೆಸಿ, ಅನುಮಾನ ಬರದಿರಲೆಂದು ಗೂಡಿನ ಕಸವನ್ನು ಒಂದಿಷ್ಟು ಸವರಿದಳು. ಆ ಕೆಲಸ ಮಾಡುವಾಗ ಅವಳು ಸಣ್ಣಗೆ ಹಾಡಿಕೊಳ್ಳುತ್ತಿದ್ದಳು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಸಂಜೆ ತಾನೇ ಹೋಗಿ ಅಮ್ಮಣ್ಣಿಯನ್ನು ಕೂರಿಸಿ ಬಂದಳು. ಜೊತೆಗೆ ಬುದ್ಧಿಮಾತು ಬೇರೆ: "ದಿನಾ ಒಂದು ಸಲ ಎತ್ತಿ ತಿನ್ನಿಸಬೇಕು ಕಣೇ, ಮರೀಬೇಡ. ಇನ್ನೊಂದು ವಿಷಯ. ಕಾವು ಕೂತಿರೋ ಕಡೆ ಎರಡನೇ ಕೈ ಹೋಗಬಾರದು. ನಿನ್ನ ಗಂಡ ಆಗಲಿ, ಅಕ್ಕಪಕ್ಕದವರಾಗಲಿ, ಯಾರೂ ಮೊಟ್ಟೆ ಮುಟ್ಟಬಾರದು. ನೀನೊಬ್ಬಳೇ."

"ಆಗಲಿ ಅಕ್ಕ," ಎಂದಳು ಚಿಕ್ಕವಳು.

ಮುಟ್ಟಬೇಡ ಎಂದಿದ್ದು ಮೊಟ್ಟೆಯ ಗುಟ್ಟು ಯಾರಿಗೂ ಸಿಗದಿರಲಿ ಎಂದು. ಆ ಮಾತೇ ತನ್ನ ಕೊರಳಿಗೆ ಬರುತ್ತದೆ ಎಂದು ದೊಡ್ಡವಳು ಕನಸಿನಲ್ಲೂ ಎಣಿಸಿರಲಿಲ್ಲ. ಅವಳ ಲೆಕ್ಕ ಸರಳವಾಗಿತ್ತು. ಮೂರು ವಾರ ಕಳೆಯುತ್ತದೆ, ಮರಿ ಆಗುವುದಿಲ್ಲ, ಚಿಕ್ಕವಳು ಸಪ್ಪೆ ಮುಖ ಹೊತ್ತು ಬರುತ್ತಾಳೆ, ನಿನ್ನ ಕೈಗುಣ ಅಷ್ಟೇ ಕಣೇ ಎಂದು ಸಮಾಧಾನ ಹೇಳಿ ಅಮ್ಮಣ್ಣಿಯನ್ನು ವಾಪಸ್ ಎತ್ತಿಕೊಂಡು ಬರುವುದು.

ವಾರ ಕಳೆದ ಮೇಲೆ ಚಿಕ್ಕವಳು ಒಂದು ಮೊಟ್ಟೆಯನ್ನೂ ಗಂಡನ ಟಾರ್ಚನ್ನೂ ಹಿಡಿದು ಬಲೆಯ ಹತ್ತಿರ ಬಂದಳು. ಬೆಳಕಿಗೆ ಹಿಡಿದರೆ ಒಳಗೆ ಕೆಂಪು ನರಗಳು ಕಾಣಬೇಕು ಎಂದು ಯಾರೋ ಹೇಳಿದ್ದರಂತೆ.

"ಏನೂ ಕಾಣ್ತಿಲ್ಲ ಅಕ್ಕ. ಬರೀ ಮಬ್ಬು."

ದೊಡ್ಡವಳು ಬಲೆಯ ಈಚೆಯಿಂದಲೇ ಕಣ್ಣು ಕಿರಿದು ಮಾಡಿ ನೋಡಿದಳು. "ಅಯ್ಯೋ ಹುಚ್ಚಿ, ಮಬ್ಬು ಅಂದ್ರೆ ಮರಿ ತುಂಬಿಕೊಂಡಿದೆ ಅಂತ. ಖಾಲಿ ಇದ್ದಿದ್ರೆ ಬೆಳಕು ಆರಪಾರ ಹೋಗ್ತಿತ್ತು. ಹೋಗು, ತಣ್ಣಗಾಗೋದ್ರೊಳಗೆ ಇಟ್ಟುಬಿಡು."

ಚಿಕ್ಕವಳ ಮುಖ ಅರಳಿತು. ಮೊಟ್ಟೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಹೋದಳು. ಅವಳು ಅತ್ತ ತಿರುಗಿದ ಮೇಲೆ ದೊಡ್ಡವಳಿಗೆ ನಗು ತಡೆಯಲಾಗಲಿಲ್ಲ. ಆ ರಾತ್ರಿ ಊಟವೂ ಎರಡು ತುತ್ತು ಜಾಸ್ತಿಯೇ ಸೇರಿತು.

ಮೂರು ವಾರ ಮುಗಿಯಿತು. ಮರಿಯ ಸದ್ದಿಲ್ಲ. ದೊಡ್ಡವಳು ಬಲೆಗೆ ಮುಖವೊತ್ತಿ ಬೆಣ್ಣೆಯಂಥ ಮಾತು ತೆಗೆದಳು. "ಪಾಪ ಕಣೇ. ಒಂದೊಂದು ಸಲ ಹಂಗಾಗುತ್ತೆ. ಮೊಟ್ಟೆ ಬಿಸಾಕಿ ಅಮ್ಮಣ್ಣಿನ ಕೊಟ್ಟುಬಿಡು."

ಚಿಕ್ಕವಳು ಮೆಷಿನ್ ನಿಲ್ಲಿಸದೆ ಕಿಟಕಿಯಿಂದಲೇ ಹೇಳಿದಳು. "ಇನ್ನೊಂದೆರಡು ದಿನ ನೋಡೋಣ ಅಕ್ಕ. ನೀವೇ ಹೇಳಿದ್ರಲ್ಲ, ಮರಿ ತುಂಬಿಕೊಂಡಿದೆ ಅಂತ. ನಿಮ್ಮ ಮಾತು ಸುಳ್ಳಾಗುತ್ತಾ?"

ಎರಡು ದಿನ ಕಳೆದು ಮತ್ತೆ ಕೇಳಿದಾಗಲೂ ಅದೇ ಉತ್ತರ. ಆ ಹೊತ್ತಿಗೆ ಬಲೆಯ ಗೇಟಿಗೆ ಬೀಗ ಬಿದ್ದಿತ್ತು. "ಬೀದಿನಾಯಿ ನುಗ್ತಿತ್ತು ಅಕ್ಕ," ಎಂದಳು ಚಿಕ್ಕವಳು. ಒಂದು ಸಲ ಒಳಗೆ ಬಂದು ಅಮ್ಮಣ್ಣಿಯನ್ನು ನೋಡಿ ಹೋಗುತ್ತೇನೆ ಎಂದು ದೊಡ್ಡವಳು ಕೇಳಿಕೊಂಡಾಗ, "ಎರಡನೇ ಕೈ ಹೋಗಬಾರದು ಅಂತ ನೀವೇ ಅಂದಿದ್ರಲ್ಲ," ಎಂದು ನೆಲ ನೋಡಿದಳು.

"ದಿನಾ ಎತ್ತಿ ತಿನ್ನಿಸ್ತಿದ್ದೀಯಾ ತಾನೆ?"

"ಹೂಂ ಅಕ್ಕ. ದಿನಾ."

ಆದರೆ ದೊಡ್ಡವಳ ಕಣ್ಣಿಗೆ ಮೋಸ ಮಾಡುವುದು ಸುಲಭವಲ್ಲ. ಬಲೆಯಿಂದ ಗೂಡಿನ ಬಾಯಿ ಓರೆಯಾಗಿ ಕಾಣುತ್ತಿತ್ತು. ಅಮ್ಮಣ್ಣಿಯ ಕೆಂಪು ಜುಟ್ಟು ಬಿಳಿಚಿ ಒಂದು ಕಡೆಗೆ ವಾಲಿತ್ತು. ರೆಕ್ಕೆಗಳು ಸಡಿಲಾಗಿ ಮೊಟ್ಟೆಗಳ ಮೇಲೆ ಹಳೆಯ ಬಟ್ಟೆಯ ಹಾಗೆ ಹರಡಿಕೊಂಡಿದ್ದವು. ಗೂಡಿನ ಮುಂದೆ ಒಂದು ಹಿಕ್ಕೆಯೂ ಇರಲಿಲ್ಲ. ತಿಂದಿದ್ದರೆ ತಾನೆ ಇರಲು! ಅವಳು ಬಲೆಯ ಕಣ್ಣಿನಿಂದ ಕಾಳು ಎರಚಿದಳು, ಅಮ್ಮಣ್ಣಿ ಅಮ್ಮಣ್ಣಿ ಎಂದು ಕರೆದಳು. ಕರಿಕೋಳಿ ಒಮ್ಮೆ ಕತ್ತು ಎತ್ತಿತು, ದನಿ ಬಂದ ಕಡೆ ನೋಡಿತು, ಮತ್ತೆ ಬೆಂದ ಮೊಟ್ಟೆಗಳ ಮೇಲೆ ಎದೆಯೊತ್ತಿ ಕೂತಿತು. ಎರಚಿದ ಕಾಳನ್ನು ಚಿಕ್ಕವಳು ಸಂಜೆ ಗುಡಿಸಿ ಹಾಕಿದಳು.

ಗಂಡನ ಹತ್ತಿರ ಹೇಳಿಕೊಂಡಳು. "ನನ್ನ ಕೋಳಿ ಸಾಯುತ್ತೆ ರೀ. ನೀವಾದ್ರೂ ಹೇಳಿ ವಾಪಸ್ ಕೊಡಿಸಿ."

"ಮರಿ ಆಗೋವರೆಗೂ ಅಂತ ಮಾತು ಕೊಟ್ಟಿದೀನಿ. ಮರಿ ಆಗಲ್ಲ ಅಂತ ನಿನಗೆ ಹೆಂಗೆ ಗೊತ್ತು?"

ಹೆಂಗೆ ಗೊತ್ತು ಎಂದು ಹೇಳುವುದಾದರೂ ಹೇಗೆ? ಬಾಯಿ ಬಿಟ್ಟರೆ ಗಂಡ, ಮೈದುನ, ಬೀದಿ, ಎಲ್ಲರೂ ಸೇರಿ ಕುಕ್ಕುತ್ತಾರೆ. ಬಿಡದಿದ್ದರೆ ಅಮ್ಮಣ್ಣಿ ಸಾಯುತ್ತದೆ. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದಳು, ಈಗ ಅಯ್ಯೋ ಎನ್ನುವ ಹಾಗೂ ಇರಲಿಲ್ಲ.

ದಾರಿಯೇ ಇರಲಿಲ್ಲ ಎಂದಲ್ಲ. ಒಂದು ದಾರಿ ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಮರಿ ಮಾರುವವನ ಹತ್ತಿರ ಆಗಷ್ಟೇ ಮೊಟ್ಟೆಯೊಡೆದ ಮರಿಗಳನ್ನು ತಂದು, ಮುಸ್ಸಂಜೆಯಲ್ಲಿ ಕೋಳಿಯ ಕಣ್ಣು ಮಂಜಾದಾಗ ಅದರ ಹೊಟ್ಟೆಯಡಿಗೆ ಸೇರಿಸಿ ಮೊಟ್ಟೆಗಳನ್ನು ಎತ್ತಿಬಿಟ್ಟರೆ ಆಯಿತು. ಬೆಳಗ್ಗೆ ಏಳುವಾಗ ಕೋಳಿ ಅವೆಲ್ಲ ತನ್ನವೇ ಎಂದುಕೊಂಡು ಮೇಯಿಸಲು ಹೊರಡುತ್ತದೆ. ಆದರೆ ಹಾಗೆ ಮಾಡಿದರೆ ಚಿಕ್ಕವಳ ಹಿತ್ತಲಿಗೆ ತಾನೇ ಕೈಯಾರೆ ಮರಿ ತಂದು ತುಂಬಿದ ಹಾಗೆ. ಅದಕ್ಕೆ ಅವಳ ಮನಸ್ಸು ಒಪ್ಪಲಿಲ್ಲ. ಇವತ್ತು ಕೊಡುತ್ತಾಳೆ, ನಾಳೆ ಕೊಡುತ್ತಾಳೆ ಎಂದು ಹಲ್ಲು ಕಚ್ಚಿಕೊಂಡು ಇನ್ನಷ್ಟು ದಿನ ದೂಡಿದಳು. ಆ ದಿನಗಳ ಬೆಲೆಯನ್ನೆಲ್ಲ ಅಮ್ಮಣ್ಣಿ ತನ್ನ ಮೈಯಿಂದ ತೆತ್ತಿತು.

ಈ ನಡುವೆ ಮೈದುನ ಹಿಂದಿನ ಜಗುಲಿಯಲ್ಲಿ ಕೂತು ಒಂದು ಮರದ ಪೆಟ್ಟಿಗೆಗೆ ತೂತು ಕೊರೆದು ವೈರು ಎಳೆದು ಬಲ್ಬು ಸಿಗಿಸುತ್ತಿದ್ದ. "ಇದೇನಪ್ಪ?" ಎಂದು ಕೇಳಿದರೆ, "ಗೊತ್ತಿಲ್ಲ ಅತ್ತಿಗೆ, ಇವಳು ಮಾಡು ಅಂದಳು ಮಾಡ್ತಿದೀನಿ. ಮರಿಗಳಿಗಂತೆ," ಎಂದ. ಬೆಂದ ಮೊಟ್ಟೆಯಿಂದ ಬರುವ ಮರಿಗಳಿಗೆ ಬಲ್ಬಿನ ಮನೆ ಬೇರೆ! ದೊಡ್ಡವಳಿಗೆ ಆ ಸಂಕಟದಲ್ಲೂ ಮೂಗು ಮುರಿಯದೆ ಇರಲಾಗಲಿಲ್ಲ.

ಕೊನೆಗೊಂದು ಬೆಳಗ್ಗೆ ಅಮ್ಮಣ್ಣಿ ಕರೆದರೂ ಕತ್ತು ಎತ್ತಲಿಲ್ಲ. ಕಣ್ಣು ಮಾತ್ರ ಅರ್ಧ ತೆರೆದು ಮುಚ್ಚಿತು. ದೊಡ್ಡವಳು ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ಮರಿ ಮಾರುವವನ ಅಂಗಡಿಗೆ ಹೋದಳು. ಹಳದಿ ಮರಿಗಳು ಬೇಡ, ಕಂದು ಕಪ್ಪು ಬೆರೆತವೇ ಬೇಕು ಎಂದು ಹಟ ಹಿಡಿದು ಆರಿಸಿಕೊಂಡಳು. ತೂತು ಮಾಡಿದ ರಟ್ಟಿನ ಡಬ್ಬಿಯನ್ನು ಎದೆಗವಚಿಕೊಂಡು ಬರುವಾಗ ಚಿಕ್ಕವಳು ಮುಂಬಾಗಿಲಲ್ಲಿ ನಿಂತು ದಾರದ ಉಂಡೆ ಸುತ್ತುತ್ತಿದ್ದಳು. ಡಬ್ಬಿಯನ್ನು ನೋಡಿದಳು, ಏನೂ ಕೇಳಲಿಲ್ಲ. ಕೇಳದಿದ್ದದ್ದೇ ಪುಣ್ಯ ಎಂದುಕೊಂಡಳು ದೊಡ್ಡವಳು.

ಮುಸ್ಸಂಜೆ ಹಿತ್ತಲಿಗೆ ಬಂದು ನೋಡಿದರೆ ಗೇಟಿಗೆ ಬೀಗ ಇರಲಿಲ್ಲ. ಕಿಟಕಿಯಲ್ಲಿ ಮೆಷಿನ್ ಸದ್ದೂ ಇರಲಿಲ್ಲ. ಸದ್ಯ, ದೇವರು ಕಣ್ಣು ಬಿಟ್ಟ ಎಂದುಕೊಂಡು ಅವಳು ಬಗ್ಗಿ ಒಳಗೆ ಸೇರಿದಳು. ಗೂಡಿನ ಮುಂದೆ ಮಂಡಿಯೂರಿದಳು. "ಬಂದೆ ಕಣೇ ಅಮ್ಮಣ್ಣಿ, ಬಂದೆ. ನೋಡು ಏನು ತಂದಿದೀನಿ," ಎಂದು ಪಿಸುಗುಟ್ಟುತ್ತ ಮೊದಲ ಮರಿಯನ್ನು ರೆಕ್ಕೆಯಡಿಗೆ ಸರಿಸಿದಳು. ಎರಡನೆಯದನ್ನೂ ಸರಿಸಿದಳು. ಮೂರನೆಯದನ್ನು ಸರಿಸುವಾಗ ಅವಳ ಕೈ ಇನ್ನೂ ಸ್ವಲ್ಪ ಒಳಗೆ, ಕಾವಿಗೆಂದು ಪುಕ್ಕ ಉದುರಿ ಬರಿದಾಗಿದ್ದ ಹೊಟ್ಟೆಯವರೆಗೆ ಹೋಯಿತು.

ಹೊಟ್ಟೆ ತಣ್ಣಗಿತ್ತು. ಮರಿಗಳು ಹೆಣದಡಿಯಲ್ಲಿ ಬೆಚ್ಚಗಿನ ಜಾಗ ಹುಡುಕುತ್ತ ಚಿಂವ್ ಚಿಂವ್ ಎನ್ನುತ್ತಿದ್ದವು.

"ಮಧ್ಯಾಹ್ನಾನೇ ಹೋಯ್ತು ಅಕ್ಕ."

ಚಿಕ್ಕವಳು ಬೆನ್ನ ಹಿಂದೆ ನಿಂತಿದ್ದಳು. ಈ ಸಲ ಅವಳು ನೆಲ ನೋಡುತ್ತಿರಲಿಲ್ಲ.

"ಪಾಪಿ," ಎಂದಳು ದೊಡ್ಡವಳು. "ಒಂದು ದಿನಾನೂ ಎಬ್ಬಿಸಲಿಲ್ಲ ನೀನು."

"ಮೊದಲ ವಾರ ದಿನಾ ಎಬ್ಬಿಸಿದೆ. ಟಾರ್ಚ್ ಹಿಡಿದ ದಿನದವರೆಗೂ. ಆಮೇಲೆ ಕೊಕ್ಕಿಗೆ ನಾಲ್ಕು ಹನಿ ನೀರು, ಅಷ್ಟೇ. ಅವತ್ತು ಆ ಮೊಟ್ಟೆನ ಗೂಡಿಗೆ ಇಡೋ ಮುಂಚೆ ಒಂದು ನಿಮಿಷ ಮೆಷಿನ್ ಮೇಲಿಟ್ಟೆ ಅಕ್ಕ. ಉರುಳಿ ಬಿದ್ದು ಒಡೀತು. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ತಿನ್ನೋಕೆ ಬೇಯಿಸಿದ ಹಂಗಿತ್ತು."

"ಗೊತ್ತಾದ ಮೇಲೆ ಹೇಳೋದಕ್ಕೇನಾಗಿತ್ತು? ಬೈಬೇಕಿತ್ತು ನನ್ನ. ಬೀದಿಗೆಳೀಬೇಕಿತ್ತು. ಈ ಮೂಕಪ್ರಾಣಿ ಏನು ಮಾಡಿತ್ತು ನಿನಗೆ?"

"ಹೇಳಿದ್ರೆ ನೀವು ಒಪ್ತಿದ್ರಾ? ನಾನೇ ಬೇಯಿಸಿದೆ ಅಂತ ನನ್ನ ತಲೆಗೆ ಕಟ್ತಿದ್ರಿ." ಚಿಕ್ಕವಳು ಬಟ್ಟೆಯ ಅಳತೆ ಹೇಳುವಷ್ಟೇ ಸಮಾಧಾನದಿಂದ ಮಾತಾಡುತ್ತಿದ್ದಳು. "ನೀವೂ ಹೇಳಬಹುದಿತ್ತಲ್ಲ ಅಕ್ಕ. ಒಂದೇ ಒಂದು ಮಾತು. ದಿನಾ ಬಂದು ಬಲೆ ಹಿಡ್ಕೊಂಡು ನಿಲ್ತಿದ್ರಿ. ನಾನು ಕಿಟಕಿಯಿಂದ ನೋಡ್ತಾನೇ ಇದ್ದೆ, ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ."

ಅವಳು ಬಗ್ಗಿ ಅಮ್ಮಣ್ಣಿಯ ರೆಕ್ಕೆಯೆತ್ತಿ ಮರಿಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡಳು. ಡಬ್ಬಿಯಲ್ಲಿ ಉಳಿದಿದ್ದವನ್ನೂ ಬಿಡಲಿಲ್ಲ. ಜಗುಲಿಯ ಮೂಲೆಯಲ್ಲಿದ್ದ ಪೆಟ್ಟಿಗೆಯ ಮುಚ್ಚಳ ಸರಿಸಿದಾಗ ಒಳಗಿನಿಂದ ಹಳದಿ ಬೆಳಕು ಹೊರಬಿತ್ತು. ಬಲ್ಬು ಆಗಲೇ ಉರಿಯುತ್ತಿತ್ತು. ಒಣಹುಲ್ಲು ಹಾಸಿತ್ತು. ನುಣ್ಣಗೆ ಪುಡಿ ಮಾಡಿದ ನುಚ್ಚು, ಮರಿ ಮುಳುಗದಷ್ಟು ಆಳದ ತಟ್ಟೆಯಲ್ಲಿ ನೀರು, ಎಲ್ಲ ಸಿದ್ಧವಾಗಿತ್ತು. ಮರಿಗಳು ಬಲ್ಬಿನಡಿಗೆ ಓಡಿ ಒತ್ತಿಕೊಂಡು ನಿಂತವು.

ದೊಡ್ಡವಳು ಅಮ್ಮಣ್ಣಿಯನ್ನು ಮಡಿಲಿಗೆಳೆದುಕೊಂಡು ಆ ಪೆಟ್ಟಿಗೆಯನ್ನೇ ನೋಡುತ್ತ ಕೂತಳು. ತಾನು ಮರಿ ತರುತ್ತೇನೆಂದು ತನಗೇ ಗೊತ್ತಿಲ್ಲದಾಗ ಇವಳಿಗೆ ಗೊತ್ತಿತ್ತು.

"ಮೊಟ್ಟೇನೂ ತಗೊಂಡು ಹೋಗಿಬಿಡಿ ಅಕ್ಕ," ಎಂದಳು ಚಿಕ್ಕವಳು ಮುಚ್ಚಳ ಹಾಕುತ್ತ. "ನಿಮ್ಮವೇ."

ಮರಿಗಳ ಸದ್ದಿಗೆ ಡ್ರೈವರ್ ಆಗಷ್ಟೇ ಬಲೆಯ ಆಚೆ, ತನ್ನ ಹಿತ್ತಲಿಗೆ ಬಂದು ನಿಂತ. ಕತ್ತಲಲ್ಲಿ ಅವನಿಗೆ ಹೆಂಡತಿಯ ಮಡಿಲಲ್ಲಿದ್ದದ್ದು ಕಾಣಿಸಲಿಲ್ಲ, ಪೆಟ್ಟಿಗೆಯ ತೂತುಗಳ ಬೆಳಕು ಕಂಡಿತು, ಚಿಂವ್‌ಗುಟ್ಟುವುದು ಕೇಳಿಸಿತು.

"ಏನೇ, ಮರಿ ಆದ್ವಾ?"

ಚಿಕ್ಕವಳು ದೊಡ್ಡವಳ ಮುಖವನ್ನೇ ನೋಡುತ್ತ ಕಾದಳು. ದೊಡ್ಡವಳ ಕೈ ಅಮ್ಮಣ್ಣಿಯ ಎದೆಯ ಮೇಲಿತ್ತು. ಪುಕ್ಕದಡಿ ಎಲುಬು ಚಾಕುವಿನ ಬೆನ್ನಿನ ಹಾಗೆ ಕೈಗೆ ಒತ್ತುತ್ತಿತ್ತು.

"ಆದ್ವು," ಎಂದಳು.

"ನೋಡು, ನಾನು ಹೇಳಿರಲಿಲ್ವಾ? ಸುಮ್ಮನೆ ಪರದಾಡಿದೆ," ಎಂದು ಅವನು ನಗುತ್ತ ಒಳಗೆ ಹೋದ.