ಎರಡನೇ ಗೇರಿನ ಕೆಮ್ಮು

ವ್ಯಾನಿನ ಎರಡನೇ ಗೇರು ಮತ್ತೆ ಕರ್ರೆಂದಿತು. ಸ್ಟಿಯರಿಂಗ್ ಹಿಡಿದಿದ್ದ ದರ್ಜಿ ಹೆಂಗಸು ಬೆಚ್ಚಿ ಗೇರಿನಿಂದ ಕೈ ಹಿಂದಕ್ಕೆಳೆದಳು.

"ಅತ್ತಿಗೆ, ಗೇರು ಹಾಕ್ತಿದ್ದೀರೋ, ಮೆಣಸು ಅರೀತಿದ್ದೀರೋ?" ಪಕ್ಕದಲ್ಲಿ ಕೂತಿದ್ದ ಮೈದುನ ನಕ್ಕ.

ವ್ಯಾನು ಅವನದು, ಕಲಿಸುವವನೂ ಅವನೇ. ಸೋಮವಾರ ಲೈಸೆನ್ಸ್ ಪರೀಕ್ಷೆ. ಪಾಸಾದರೆ ಹೊಲಿದ ಸಮವಸ್ತ್ರಗಳನ್ನು ಅವಳೇ ಶಾಲೆಗಳಿಗೆ ಮುಟ್ಟಿಸಬಹುದು, ಯಾರ ಬಿಡುವಿಗೂ ಕಾಯಬೇಕಿಲ್ಲ. ಆದರೆ ಗೇರು ಹೀಗೆ ಹಲ್ಲು ಕಡಿಯತೊಡಗಿದ ಮೇಲೆ ಅವಳಿಗೆ ತನ್ನ ಕೈಯ ಮೇಲಿನ ನಂಬಿಕೆಯೇ ಹೋಗಿತ್ತು.

"ಸಾಕು ಕಣಪ್ಪ. ನಿನ್ನ ವ್ಯಾನು ಹಾಳು ಮಾಡಿ ನಾನು ಕಲಿಯೋದು ಬೇಡ. ನೀನೇ ಓಡಿಸು."

ಅವನು ಓಡಿಸಿದ. ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ನೋಡುವುದು ಅವಳಿಗೆ ಅಂಟಿದ ಚಾಳಿ. ಎರಡನೇ ಗೇರಿಗೆ ಹಾಕುವಾಗ ಅವನು ಕೆಮ್ಮಿದ. ಮುಂದಿನ ತಿರುವಿನಲ್ಲೂ ಕೆಮ್ಮಿದ. ಅದರಾಚೆಯ ತಿರುವಿನಲ್ಲಿ ಅವಳು ಕೆಮ್ಮಿನ ಮರೆಯಲ್ಲಿದ್ದ ಸದ್ದಿಗೆ ಕಿವಿಗೊಟ್ಟಳು. ಕರ್ರ್.

"ನೆಗಡಿಯಾ?"

"ಇಲ್ವಲ್ಲ."

"ಮತ್ತೆ ಗೇರು ಹಾಕುವಾಗಲೇ ಕೆಮ್ಮು ಬರುತ್ತಲ್ಲ?"

ಅವನ ಕಿವಿ ಕೆಂಪಾಯಿತು. "ಗೇರ್ ಆಯಿಲ್ ಬದಲಾಯಿಸಿದಾಗಿನಿಂದ ಸ್ವಲ್ಪ ಹಾಗೇ. ಹೇಳಿದ್ರೆ ಹೆದರ್ತೀರ ಅಂತ..."

"ನೀನು ಹೇಳದೇ ಇದ್ದಿದ್ದಕ್ಕೆ, ನನ್ನ ಕೈಯದೇ ತಪ್ಪು ಅಂದ್ಕೊಂಡು ಕಲಿಯೋದನ್ನೇ ಬಿಡ್ತಿದ್ದೆ."

ಮನೆ ಹಿಂದಿನ ಶೆಡ್ಡಿನಲ್ಲಿ ಹಳೆಯ ಆಯಿಲ್ ಡಬ್ಬಕ್ಕೆ ಈಗ ಮೊಳೆ ತುಂಬಿದ್ದರು. ಅದರ ಮೇಲೆ ಆಯಿಲ್‌ನ ದರ್ಜೆ ಜಿಎಲ್-4 ಎಂದಿತ್ತು. ಹೊಸದರ ಮೇಲೆ ಜಿಎಲ್-5.

"ನಾಲ್ಕಕ್ಕಿಂತ ಐದು ಒಳ್ಳೇದಲ್ವಾ ಅತ್ತಿಗೆ? ದುಬಾರಿ ಬೇರೆ."

"ಮೂವತ್ತಾರರ ಅಳತೆಯವರಿಗೆ ನಲವತ್ತರ ಅಂಗಿ ಹೊಲಿದುಕೊಟ್ಟು, ದೊಡ್ಡದು ತಾನೆ, ಒಳ್ಳೇದು ಅನ್ನೋಕಾಗುತ್ತಾ?"

ಅವನು ಆಯಿಲ್ ಅಂಗಡಿಗೆ ಫೋನ್ ಮಾಡಿ ಕೇಳಿದ. ಇಟ್ಟಾಗ ಮುಖ ಸಣ್ಣಗಾಗಿತ್ತು. "ಗೇರ್ ಬಾಕ್ಸ್ ಒಳಗೆ ಹಿತ್ತಾಳೆ ಬಳೆಗಳಿರ್ತವಂತೆ. ಅವು ಉಜ್ಜಿ ಹಿಡಿದರೇ ಗೇರು ಮೆತ್ತಗೆ ಕೂರೋದು. ನಮ್ಮ ವ್ಯಾನಿಗೆ ನಾಲ್ಕೇ ಸರಿ. ಈ ಐದರಲ್ಲಿ ಬಳೆ ಜಾರುತ್ತೆ, ಹಿಡಿತ ಸಿಗಲ್ಲ. ಬಹಳ ದಿನ ಬಿಟ್ರೆ ಹಿತ್ತಾಳೇನೂ ತಿನ್ನಬಹುದಂತೆ."

ಅವಳಿಗೆ ತಟ್ಟನೆ ಹೊಳೆಯಿತು. ಒಮ್ಮೆ ಹೊಲಿಗೆ ಯಂತ್ರದ ಬೆಲ್ಟಿಗೆ ಎಣ್ಣೆ ಸೋಕಿ ಅದು ಜಾರಿ, ಕೆಳಗಿನ ಚಕ್ರ ಗಿರ್ರನೆ ತಿರುಗಿದರೂ ಸೂಜಿ ಅಲ್ಲಾಡಿರಲಿಲ್ಲ.

ವ್ಯಾನು ಬಿಸಿಯಿರುವಾಗಲೇ ಅವನು ಆಯಿಲ್ ಇಳಿಸಿದ. ಅವಳು ಅದನ್ನು ಬಿಳಿ ಬಟ್ಟೆಯ ಚೂರಿನಲ್ಲಿ ಸೋಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಹಿತ್ತಾಳೆ ಸವೆದಿದ್ದರೆ ಮಿನುಗಬೇಕಿತ್ತು. ಬರೀ ಕಪ್ಪು ಕಲೆ.

"ಬಚಾವು," ಎಂದ ಮೈದುನ, ಹೊಸ ಜಿಎಲ್-4 ತರಲು ಹೊರಡುತ್ತ.

ಮರುದಿನ ಬೆಳಿಗ್ಗೆ ಸ್ಟಿಯರಿಂಗ್ ಹಿಂದೆ ಅವಳೇ ಕೂತಳು. ಮೊದಲ ಗೇರು. ಕ್ಲಚ್ ಒತ್ತಿ ಎರಡನೆಯದಕ್ಕೆ ಎಳೆದಳು. ಗುಂಡಿ ಕಾಜಕ್ಕೆ ಸೇರಿದಂತೆ ಅದು ಸದ್ದಿಲ್ಲದೆ ಕೂತಿತು.

ಪಕ್ಕದಲ್ಲಿ ಮೈದುನ ಕೆಮ್ಮಿದ.

"ಈಗ್ಯಾಕಪ್ಪ?"

"ಅಭ್ಯಾಸ ಆಗ್ಬಿಟ್ಟಿದೆ ಅತ್ತಿಗೆ."

ಅವಳು ನಗುತ್ತಲೇ ತಿರುವು ದಾಟಿ ದೊಡ್ಡ ರಸ್ತೆಗಿಳಿದಳು.