ಹದಿನೇಳನೇ ನಂಬರಿನ ಬಿಯರು

“ಅತ್ತಿಗೆ, ನಿಮ್ಮ ಮೂಗು ಹೂಂ ಅಂದ್ರೆ ಸಾಕು, ಈಗಲೇ ತಣ್ಣಗಾಗೋಕೆ ಹಾಕ್ಬಿಡ್ತೀನಿ,” ಎಂದ ಮೈದುನ. ಅವನ ಒಂದು ಕೈ ಚಿಲ್ಲರಿನ ಸ್ವಿಚ್ಚಿನ ಮೇಲಿತ್ತು, ಇನ್ನೊಂದರಲ್ಲಿ ಬಿಯರಿನ ಗ್ಲಾಸು. “ನಾನಂತೂ ಪಾಸು ಮಾಡಿದೀನಿ. ಆಹಾ, ಏನು ಘಮ ಅಂತೀರಿ!”

“ನೀನು ಇಲ್ಲಿವರೆಗೆ ಯಾವುದನ್ನ ಫೇಲ್ ಮಾಡಿದ್ದೀಯಪ್ಪಾ?” ಎಂದಳು ಅತ್ತಿಗೆ.

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಬ್ರೂವರಿಯ ಯಜಮಾನನಾದ ಮೈದುನ ಕರೆಯುವುದನ್ನು ಕೇಳಿ ಕೇಳಿ ಬಾಟಲಿ ತೊಳೆಯುವವರು, ಲಾರಿಯವನು, ಕಡೆಗೆ ಲೈಸೆನ್ಸ್ ತಪಾಸಣೆಗೆ ಬರುವ ಅಧಿಕಾರಿಯೂ ಅತ್ತಿಗೆ ಎನ್ನತೊಡಗಿದ್ದರು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ “ನನಗೆ ಊರು ತುಂಬಾ ತಮ್ಮಂದಿರು” ಎಂದು ನಗುತ್ತಿದ್ದ. ಯಂತ್ರ, ಮಾರಾಟ, ಬಾಯಿಮಾತು ಎಲ್ಲ ಮೈದುನನದು. ಬಿಯರು ಕುದಿಸುವುದು, ಯಾವಾಗ ಏನು ಹಾಕಬೇಕು, ಯಾವಾಗ ಸಾಕು ಎನ್ನುವುದು ಅತ್ತಿಗೆಯದು. ಆರು ವರ್ಷದಿಂದ ಈ ಹಂಚಿಕೆಯಲ್ಲಿ ಒಂದು ಕೂದಲೆಳೆಯಷ್ಟೂ ಜಗಳ ಬಂದಿರಲಿಲ್ಲ.

ಅವಳು ಗ್ಲಾಸು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು. ಒಮ್ಮೆ ತನ್ನ ಮೊಣಕೈಯ ಒಳಭಾಗವನ್ನು ಮೂಸಿಕೊಂಡಳು. ವಾಸನೆ ನೋಡಿ ನೋಡಿ ಮೂಗು ಮಂಕಾದಾಗ ಈ ಕಸುಬಿನವರು ಹಾಗೆ ಮಾಡುತ್ತಾರೆ, ತಮ್ಮದೇ ಚರ್ಮದ ವಾಸನೆಯಿಂದ ಮೂಗನ್ನು ಮೊದಲ ಸ್ಥಿತಿಗೆ ತರುತ್ತಾರೆ. ಮತ್ತೆ ಗ್ಲಾಸಿಗೆ ಮೂಗು ಒಡ್ಡಿದಳು. ಏನೂ ಇಲ್ಲ. ಸುಣ್ಣ ಬಳಿದ ಗೋಡೆಗೆ ಮುಖ ಕೊಟ್ಟು ನಿಂತ ಹಾಗೆ.

ಐದು ವಾರದ ಹಿಂದೆ ಮೂರು ದಿನ ಜ್ವರ ಬಂದಿತ್ತು. ಜ್ವರ ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಆಮೇಲೆ ಮಾಡಿದ ಎರಡು ಕುದಿಯೂ ಮಾಮೂಲಿ ಬಿಯರು. ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದ ಗಂಟೆ, ಡಿಗ್ರಿ ನೋಡಿಕೊಂಡೇ ದಡ ಸೇರಿಸಿದ್ದಳು. ಆದರೆ ಇದಕ್ಕೆ ಡೈರಿ ಇರಲಿಲ್ಲ. ಇದು ಹದಿನೇಳು.

ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವುದು ಹಾಪ್ ಎನ್ನುವ ಬಳ್ಳಿಯ ಹಸಿರು ಹೂವು. ಹೊಸ ತಳಿಗಳಿಗೆ ಮೊದಲು ನಂಬರೇ ಇರುತ್ತದೆ, ಗೆದ್ದವಕ್ಕೆ ಮಾತ್ರ ಆಮೇಲೆ ಹೆಸರು. ಹದಿನೇಳನೇ ನಂಬರಿನದನ್ನು ಬೆಳೆದವನು ಒಬ್ಬನೇ ಒಬ್ಬ ಮುದುಕ, ಎಲ್ಲರ ಬಾಯಲ್ಲಿ ಬಳ್ಳಿಯಜ್ಜ. ಹೋದ ವರ್ಷ ಅವನು ಒಂದು ಹಿಡಿ ತಂದುಕೊಟ್ಟಾಗ ಅತ್ತಿಗೆ ಮೂಸಿ, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಈ ವರ್ಷದ ಪೂರ್ತಿ ಬೆಳೆ, ಒಂದೇ ಒಂದು ಮೂಟೆ, ಈ ಟ್ಯಾಂಕಿನಲ್ಲಿತ್ತು. ಶನಿವಾರ ಮಧ್ಯಾಹ್ನ ಬಾರು ನಡೆಸುವ ಆರು ಮಂದಿ ರುಚಿ ನೋಡಲು ಬರುವವರಿದ್ದರು. ಅವರು ಬೇಕು ಎಂದರೆ ಮುಂದಿನ ವರ್ಷವೂ ಹದಿನೇಳು ಉಂಟು. ಬೇಡ ಎಂದರೆ ಅಜ್ಜ ಭಾನುವಾರವೇ ಬಳ್ಳಿ ಕಿತ್ತು, ಎಲ್ಲರೂ ಬೆಳೆಯುವುದನ್ನೇ ನೆಡುತ್ತಾನೆ. “ಕಾಯೋ ವಯಸ್ಸಲ್ಲಮ್ಮ ನಂದು,” ಎಂದಿದ್ದ.

ಇವತ್ತು ಬುಧವಾರ.

“ಸಂಜೆವರೆಗೆ ಮುಟ್ಟಬೇಡ,” ಎಂದಳು ಅತ್ತಿಗೆ. “ಬಿಸಿ ಗ್ಲಾಸಿನ ಪರೀಕ್ಷೆ ಮಾಡ್ಬೇಕು.”

“ನಿಮ್ಮ ಮೂಗು ಇರೋವಾಗ ಅದೆಲ್ಲ ಯಾಕೆ?”

“ಮಾಡ್ಬೇಕು ಅಂದ್ನಲ್ಲ.”

ಬಿಯರು ಹುದುಗಿ ಮುಗಿದ ಮೇಲೆ ಘಮಕ್ಕೆಂದು ಇಷ್ಟೊಂದು ಹಾಪ್ ಸುರಿದರೆ ಒಂದು ಪೇಚು ಇದೆ. ಮಲಗಿದ್ದ ಯೀಸ್ಟ್ ಮತ್ತೆ ಎದ್ದು ಕೂರುತ್ತದೆ. ಎದ್ದದ್ದು ಸುಮ್ಮನಿರದೆ ಬೆಣ್ಣೆ ವಾಸನೆಯ ಬೀಜವೊಂದನ್ನು ಬಿತ್ತುತ್ತದೆ. ಬೆಚ್ಚಗೆ ಬಿಟ್ಟರೆ ತಾನು ಬಿತ್ತಿದ್ದನ್ನು ತಾನೇ ತಿಂದು ಮುಗಿಸುತ್ತದೆ. ಆತುರಪಟ್ಟು ತಣ್ಣಗೆ ಮಾಡಿದರೆ ಯೀಸ್ಟ್ ಮುದುರಿ ಮಲಗುತ್ತದೆ, ಬೀಜ ಹಾಗೇ ಉಳಿಯುತ್ತದೆ. ಮೊದಲ ದಿನ ಯಾರಿಗೂ ಗೊತ್ತಾಗುವುದಿಲ್ಲ. ವಾರ ಕಳೆದ ಮೇಲೆ ಗ್ಲಾಸಿನ ತುಂಬ ಕಮಟು ಬೆಣ್ಣೆ. ಅದಕ್ಕೇ ಈ ಪರೀಕ್ಷೆ. ಎರಡು ಗ್ಲಾಸಿಗೆ ಅದೇ ಬಿಯರು ಹಾಕಿ ಮುಚ್ಚಿ, ಒಂದನ್ನು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಕೂರಿಸಿ ಆರಿಸುವುದು. ಬೀಜ ಇದ್ದರೆ ಬಿಸಿ ಕಂಡ ಗ್ಲಾಸಿನಲ್ಲಿ ಅವತ್ತೇ ಮೊಳೆಯುತ್ತದೆ. ಮೂಸಿದರೆ ತಿಳಿಯುತ್ತದೆ. ಆದರೆ ಮೂಸಬೇಕು.

ಅತ್ತಿಗೆ ಒಂದು ಗ್ಲಾಸಿಗೆ ಬಿಸಿನೀರು ಕಾಣಿಸಿ ಆರಿಸಿದ ಮೇಲೆ, ತಟ್ಟೆ ಮುಚ್ಚಿದ ಎರಡನ್ನೂ ಟ್ರೇಯಲ್ಲಿಟ್ಟು ಹಿತ್ತಲು ದಾಟಿ ಮನೆಗೆ ಹೋದಳು. ಅಡುಗೆಮನೆಯಲ್ಲಿ ಅತ್ತೆ ಕಾಳು ಆರಿಸುತ್ತಿದ್ದರು. ಬಿಯರೆಂದರೆ ಮುಖ ತಿರುಗಿಸುವವರು ಅವರು. ಬ್ರೂವರಿಗೆ ಹೋಗುವ ಬಾಗಿಲನ್ನು ಒಂದು ದಿನವೂ ದಾಟಿದವರಲ್ಲ. ಆದರೆ ಪಕ್ಕದ ಮನೆಯವರು ಸೋಪು ಬದಲಾಯಿಸಿದರೆ ಇಲ್ಲಿ ಕೂತು ಹೇಳುತ್ತಿದ್ದರು.

“ಅತ್ತೆ, ಒಂದು ಉಪಕಾರ ಆಗ್ಬೇಕು.”

“ಮೂಸ್ಬೇಕಾ?”

ಅತ್ತಿಗೆ ಟ್ರೇ ಹಿಡಿದುಕೊಂಡು ನಿಂತೇ ಇದ್ದಳು.

“ಹೋದ ವಾರ ಹಾಲು ಸೀದು ಮನೆಯೆಲ್ಲ ನಾತ. ನೀನು ಇದೇ ಕುರ್ಚೀಲಿ ಕೂತು ಪೇಪರ್ ಓದ್ತಿದ್ದೆ. ನಾನೇನು ಕುರುಡೀನಾ? ನೀನೇ ಹೇಳ್ಲಿ ಅಂತ ಕಾಯ್ತಿದ್ದೆ ಕಣೇ. ತಾ ಇಲ್ಲಿ. ಕುಡಿಯಲ್ಲ ಮತ್ತೆ. ಮೂಸ್ತೀನಿ ಅಷ್ಟೇ.”

ಅವರು ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಮೊದಲು ಬಿಸಿ ಕಾಣದ ಗ್ಲಾಸಿನ ತಟ್ಟೆ ಸರಿಸಿದರು. ಕಣ್ಣು ಮುಚ್ಚಿದರು. ಒಂದು ಕ್ಷಣ ಅವರ ಮುಖದಲ್ಲಿ ಬಿಗುಮಾನ ಸಡಿಲವಾಯಿತು.

“ಅಯ್ಯೋ ಇವಳೇ! ಚಕ್ಕೋತದ ಸಿಪ್ಪೆ ಕಿತ್ತಾಗ ಕಣ್ಣಿಗೆ ಚಿಮ್ಮತ್ತಲ್ಲ, ಅದು. ಹಿಂದುಗಡೆ ಬಿಳಿ ದ್ರಾಕ್ಷಿ ಇದೆ. ಇರು... ಬಡಗಿ ಅಂಗಡಿ ಮುಂದೆ ಹೋದಾಗ ಬರೋ ಹಸಿ ಮರಾನೂ ಇದೆ. ಇಷ್ಟು ಚೆನ್ನಾಗಿರತ್ತೆ ಅಂತ ನೀವು ಯಾರೂ ನನಗೆ ಹೇಳ್ಲೇ ಇಲ್ಲ!”

“ನೀವು ಕೇಳ್ಲೇ ಇಲ್ಲ. ಈಗ ಇನ್ನೊಂದು.”

ಎರಡನೆಯ ತಟ್ಟೆ ಎತ್ತುತ್ತಲೇ ಅತ್ತೆಯ ಹುಬ್ಬು ಗಂಟಾಯಿತು. “ಇದರಲ್ಲಿ ಯಾರು ಬೆಣ್ಣೆ ಕಾಯಿಸಿದ್ದು?”

ಅತ್ತಿಗೆ ಹತ್ತಿರ ಬಾಗಿದಳು. “ಜಾಸ್ತೀನಾ?”

“ಜಾಸ್ತಿಯೇನಿಲ್ಲ. ಆದರೆ ಇದೆ. ಚಕ್ಕೋತಕ್ಕೆ ಬೆಣ್ಣೆ ಸವರಿದ್ರೆ ಹೇಗಿರತ್ತೋ ಹಾಗೆ. ಥೂ.”

ಮೈದುನನಿಗೆ ಸುಳ್ಳು ಹೇಳಬಹುದಿತ್ತು. ನಾನೇ ಮೂಸಿದೆ, ಬೆಣ್ಣೆಯಿದೆ ಎಂದರೆ ಅವನು ನಂಬುತ್ತಿದ್ದ. ಹಿತ್ತಲು ದಾಟುವಷ್ಟರಲ್ಲಿ ಅವಳು ಆ ದಾರಿಯನ್ನು ಬಿಟ್ಟುಕೊಟ್ಟಳು. ನಾಳೆ ಮತ್ತೆ ಮೂಸಬೇಕು, ನಾಡಿದ್ದು ಮತ್ತೆ. ಪ್ರತಿ ಸಲ ಗ್ಲಾಸನ್ನು ಕಳ್ಳಮಾಲಿನ ಹಾಗೆ ಮನೆಗೆ ಸಾಗಿಸುತ್ತಾ ಹದಿನೇಳನ್ನು ಉಳಿಸುವುದಕ್ಕಾಗುವುದಿಲ್ಲ.

ಮೈದುನ ಪೂರ್ತಿ ಕೇಳಿಸಿಕೊಂಡ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಸಪ್ಪಗಾಯಿತು.

“ಐದು ವಾರದಿಂದ ಸುಮ್ಮನೆ ಮೂಸೋ ಹಾಗೆ ನಾಟಕ ಮಾಡಿದ್ರಾ?”

“ಹೂಂ. ತಪ್ಪೇ.”

“ಎರಡು ಕುದಿ ಮಾರಿಬಿಟ್ಟೆನಲ್ಲ!”

“ಅವೆರಡೂ ಸರಿಯಾಗೇ ಇವೆ, ಡೈರಿ ನೋಡಿ ಮಾಡಿದ್ದು. ಇದು ಸರಿಯಿಲ್ಲ. ಇನ್ನೆರಡು ದಿನ ಬೆಚ್ಚಗಿರಬೇಕು.”

“ಅಮ್ಮನ ಮಾತು ಕೇಳಿ? ಅತ್ತಿಗೆ, ಅಮ್ಮನಿಗೆ ಬಿಯರು ಯಾವುದು, ಗಂಜಿ ಯಾವುದು ಅಂತ ಗೊತ್ತಿಲ್ಲ!” ಅವನು ಚಿಲ್ಲರಿನ ಕಡೆ ಎರಡು ಹೆಜ್ಜೆ ಇಟ್ಟ. “ಶುಕ್ರವಾರದವರೆಗೆ ಕಾದ್ರೆ ತಣ್ಣಗಾಗೋಕೆ ಒಂದೇ ದಿನ ಉಳಿಯತ್ತೆ, ಬಿಯರು ತಿಳಿಯಾಗಲ್ಲ, ಗ್ಯಾಸು ಪೂರ್ತಿ ಹಿಡಿಯಲ್ಲ. ಬಾರಿನವರ ಮುಂದೆ ಕಲಗಚ್ಚು ಇಡ್ತೀರಾ? ನೀವೇ ಹೇಳ್ತೀರಿ, ಬೆಣ್ಣೆ ವಾರ ಆದ್ಮೇಲೆ ಬರತ್ತೆ ಅಂತ. ಶನಿವಾರ ಒಂದು ದಾಟಿಸ್ಬಿಡೋಣ. ಆಮೇಲಿಂದು ಆಮೇಲೆ.”

ಅತ್ತಿಗೆ ಹೋಗಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. ದನಿ ಏರಿಸಲಿಲ್ಲ.

“ಶನಿವಾರ ಅವರು ಆಹಾ ಅಂತಾರೆ. ಪೀಪಾಯಿ ಕೊಂಡುಹೋಗ್ತಾರೆ. ಮುಂದಿನ ಶನಿವಾರ ಅವರ ಗಿರಾಕಿ ಬೆಣ್ಣೆ ಕುಡೀತಾನೆ. ಆಗ ಯಾರೂ ಅತ್ತಿಗೆ ಆತುರ ಮಾಡಿದ್ಲು ಅನ್ನಲ್ಲ ಕಣಪ್ಪ. ಹದಿನೇಳು ಅಂದ್ರೆ ಹೀಗೇ, ಅದರ ಸಹವಾಸ ಬೇಡ ಅಂತಾರೆ. ಬಳ್ಳಿಯಜ್ಜ ಹನ್ನೊಂದು ವರ್ಷ ಸಾಕಿದ ಬಳ್ಳಿಗೆ ಆ ಹೆಸರು ತರಲ್ಲ ನಾನು. ತಿಳಿಯಿಲ್ಲದ ಬಿಯರು ನಾನು ತಲೆಯೆತ್ತಿ ಕೊಡ್ತೀನಿ. ಬೆಣ್ಣೆ ಬರೋದನ್ನ ಕೊಡಲ್ಲ.”

“ಶನಿವಾರ ಕೆಟ್ಟುಹೋದ್ರೆ?”

“ನಾನು ಮಾಡಿದ್ದು ಅಂತ ಅವರೆದುರೇ ಹೇಳು.”

ಮೈದುನ ಟೋಪಿ ತೆಗೆದು ತಲೆ ಕೆರೆದುಕೊಂಡ. “ಆಯ್ತು. ಆದರೆ ಅಮ್ಮನ ಮೂಗನ್ನ ನಾನೂ ಪರೀಕ್ಷೆ ಮಾಡ್ತೀನಿ.”

ಗುರುವಾರ ಅತ್ತೆ “ಇನ್ನೂ ಇದೆ, ಆದರೆ ಎಳೆ ಸಣ್ಣದಾಗಿದೆ” ಎಂದರು. ಮೈದುನ ಊಟ ಮಾಡುವಾಗಲೂ ಗಡಿಯಾರ ನೋಡುತ್ತಿದ್ದ. ಅತ್ತಿಗೆ ಆರೂ ಬಾರಿನವರಿಗೆ ತಾನೇ ಫೋನು ಮಾಡಿ, ಬಿಯರು ಮೋಡದ ಹಾಗಿರುತ್ತದೆ, ಟ್ಯಾಂಕಿನಿಂದ ನೇರ ಕೊಡುತ್ತೇವೆ, ಬೇಸರವಿದ್ದರೆ ಬರುವುದು ಬೇಡ ಎಂದಳು. ಮೈದುನ ಪಕ್ಕದಲ್ಲಿ ನಿಂತು ಹಣೆ ಚಚ್ಚಿಕೊಳ್ಳುತ್ತಿದ್ದ.

ಶುಕ್ರವಾರ ಬೆಳಗ್ಗೆ ಅತ್ತೆ ತಾವೇ ಹಿತ್ತಲ ಬಾಗಿಲು ದಾಟಿ ಬ್ರೂವರಿಯೊಳಗೆ ಬಂದರು. ಕೆಲಸದವರೆಲ್ಲ ಪೈಪು ಕೆಳಗಿಟ್ಟು ನಿಂತರು. ಮೈದುನ ಮೂರು ಗ್ಲಾಸು ಸಾಲಾಗಿ ಇಟ್ಟಿದ್ದ. ಮೂರಕ್ಕೂ ತಟ್ಟೆ ಮುಚ್ಚಿತ್ತು.

“ಇದರಲ್ಲಿ ಎರಡು ಒಂದೇ, ಒಂದು ಬೇರೆ. ಬೇರೇದು ಯಾವುದು ಹೇಳಮ್ಮ.”

“ಹೆತ್ತ ತಾಯಿಗೇ ಪರೀಕ್ಷೆ ಇಡ್ತಿದ್ದೀಯಾ? ನೀನು ಬಾಗಿಲ ಹೊರಗೆ ಸಿಗರೇಟು ಎಸೆದು ಬರೋದು ನನಗೆ ಹತ್ತನೇ ಕ್ಲಾಸಿಂದ ಗೊತ್ತು.”

ಬಾಟಲಿ ತೊಳೆಯುವವರು ಕಿಸಕ್ಕೆಂದರು. ಅತ್ತೆ ಮೂರನ್ನೂ ನಿಧಾನವಾಗಿ ಮೂಸಿ, ನಡುವಿನದನ್ನು ಬೆರಳಿನಿಂದ ಆಚೆ ತಳ್ಳಿದರು. “ಇದು ಬುಧವಾರದ್ದು. ಇದಕ್ಕೆ ಬೆಣ್ಣೆ ಇದೆ. ಇವೆರಡಕ್ಕೆ ಇಲ್ಲ. ಒಂಚೂರೂ ಇಲ್ಲ.”

ನಡುವಿನದು ಬುಧವಾರ ತೆಗೆದಿಟ್ಟ ಬಿಸಿ ಗ್ಲಾಸೇ. ಉಳಿದೆರಡು ಅವತ್ತಿನ ಬೆಳಗಿನ ಬಿಯರು, ಎರಡಕ್ಕೂ ಬಿಸಿನೀರು ಕಾಣಿಸಿಯಾಗಿತ್ತು. ಮೈದುನ ಹೋಗಿ ಸ್ವಿಚ್ಚು ಹಾಕಿದ. ಚಿಲ್ಲರು ಗುರ್ರೆಂದಿತು.

ಶನಿವಾರ ಮೂರು ಗಂಟೆಗೆ ಆರು ಜನರಲ್ಲಿ ನಾಲ್ವರು ಬಂದರು. ಗ್ಲಾಸಿನಲ್ಲಿ ಬಿಯರು ಹಾಲು ಬೆರೆಸಿದ ಕಿತ್ತಳೆ ರಸದ ಬಣ್ಣಕ್ಕಿತ್ತು, ನೊರೆ ಬೇಗ ಇಳಿಯುತ್ತಿತ್ತು. ಒಬ್ಬ “ಇದೇನ್ರೀ, ದ್ರಾಕ್ಷಿ ತೋಟಕ್ಕೆ ನುಗ್ಗಿದ ಹಾಗಿದೆ” ಎಂದ. ಇನ್ನೊಬ್ಬ “ಅಲ್ಲ, ಚಕ್ಕೋತ” ಎಂದ. ಇಬ್ಬರೂ ವಾದಕ್ಕೆ ನಿಂತರು. ವಾದ ಬಗೆಹರಿಸಲು ಇಬ್ಬರೂ ಇನ್ನೊಂದೊಂದು ಗ್ಲಾಸು ತುಂಬಿಸಿಕೊಂಡರು. ಮೂಲೆಯಲ್ಲಿದ್ದವನು ಯಾರ ಗೋಜಿಗೂ ಹೋಗದೆ, ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಗುಟುಕು ಗುಟುಕಾಗಿ ಇಳಿಸುತ್ತಿದ್ದ. ಅತ್ತಿಗೆಯೂ ಕುಡಿದಳು. ಘಮ ಅವಳ ಪಾಲಿಗಿರಲಿಲ್ಲ. ಆದರೆ ಕಹಿ ಬಂತು. ನಾಲಿಗೆಯ ಬುಡದಲ್ಲಿ ಗಟ್ಟಿಯಾಗಿ ಕೂತು, ಸ್ವಲ್ಪ ಕಾಡಿಸಿ, ಸ್ವಚ್ಛವಾಗಿ ಬಿಟ್ಟುಕೊಟ್ಟಿತು. ಇನ್ನೊಂದು ಗುಟುಕು ಬೇಕೆನಿಸುವ ಕಹಿ.

ಮೂರು ಬಾರುಗಳ ಯಜಮಾನಿ ಮಾತ್ರ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು. “ಎರಡು ವಾರ ಇಟ್ರೆ ಇದು ಏನಾಗತ್ತೆ?”

“ಘಮ ದಿನದಿನಕ್ಕೂ ಇಳಿಯತ್ತೆ, ಬೇಗ ಖಾಲಿ ಮಾಡಿ,” ಎಂದಳು ಅತ್ತಿಗೆ. “ಬೆಣ್ಣೆ ಮಾತ್ರ ಬರಲ್ಲ. ಅದಕ್ಕೆ ನಾನು ಜವಾಬ್ದಾರಿ.”

ಮೈದುನ ಕೆಮ್ಮಿದ. ಯಜಮಾನಿ ಗ್ಲಾಸು ಬರಿದು ಮಾಡಿ, ತುಟಿ ಒರೆಸಿಕೊಂಡಳು. “ಬೇಗ ಖಾಲಿ ಮಾಡಿ ಅಂತ ನನಗೆ ಇಲ್ಲಿವರೆಗೆ ಯಾರೂ ಹೇಳಿರಲಿಲ್ಲ. ಮಾರೋರೆಲ್ಲ ಇಟ್ಕೊಳ್ಳಿ, ಏನೂ ಆಗಲ್ಲ ಅಂತಾರೆ. ಮೂರೂ ಕಡೆಗೆ ಕಳಿಸಿ. ಮುಂದಿನ ವರ್ಷದ್ದೂ ನನಗೆ ಹಿಡಿದಿಡಿ.”

ಮೈದುನ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಬಳ್ಳಿಯಜ್ಜನ ಕಡೆ ತಿರುಗಿ ಕೂಗಿದ: “ಅಜ್ಜಾ, ನಾಳೆ ಏನೂ ಕೀಳ್ಬೇಡಿ! ಇರೋದೆಲ್ಲ ನಮಗೇ!”

ಅಜ್ಜ ತಲೆಯಾಡಿಸಿದ. ಜನ ಟ್ಯಾಂಕಿನ ಸುತ್ತ ಸೇರಿಕೊಂಡ ಮೇಲೆ ಎದ್ದು ಅತ್ತಿಗೆಯ ಹತ್ತಿರ ಬಂದ.

“ನಿನ್ನ ಮೈದುನ ಹೇಳ್ದ, ನಿನಗೆ ವಾಸನೆ ಬರಲ್ವಂತೆ.”

“ಬರಲ್ಲ ಅಜ್ಜ.”

“ಡಾಕ್ಟ್ರು?”

“ನಿನ್ನೆ ಹೋಗಿದ್ದೆ. ಬಂದ್ರೂ ಬರಬಹುದು, ಇಲ್ದೇನೂ ಇರಬಹುದು ಅಂದ್ರು.”

“ಮುಂದಿನ ವರ್ಷ ಹೆಂಗೆ ಮಾಡ್ತೀಯಮ್ಮಾ?”

“ಹೀಗೇ. ನಾನು ಮಾಡ್ತೀನಿ, ಅತ್ತೆ ಮೂಸ್ತಾರೆ.”

ಅಜ್ಜ ಅಂಗಿಯ ಜೇಬಿನಿಂದ ನಾಲ್ಕು ಒಣಗಿದ ಹಾಪ್ ಹೂವು ತೆಗೆದು ಅವಳ ಅಂಗೈಗೆ ಹಾಕಿದ. ಹಾಪ್ ಮೂಸುವ ಮುಂಚೆ ಎಂದಿನಿಂದಲೂ ಮಾಡುತ್ತಿದ್ದ ಹಾಗೆ ಅವಳು ಎರಡೂ ಕೈ ಸೇರಿಸಿ ಉಜ್ಜಿದಳು. ಎಸಳು ಪುಡಿಯಾಗಿ ಉದುರಿ, ಘಮವೆಲ್ಲ ಅಡಗಿರುವ ಹಳದಿ ಮೇಣ ಅಂಗೈ ತುಂಬ ಅಂಟಿಕೊಂಡಿತು.