ಮಲ್ಲಿಗೆಗೆ ತೆಗೆದ ದೃಷ್ಟಿ

ಸೀತಾಬಾಯಿಯ ತಲೆಗೆ ಒಮ್ಮೆ ಅನುಮಾನ ಹೊಕ್ಕಿತೆಂದರೆ ಮುಗಿಯಿತು, ಅದನ್ನು ಹೊರಗೆ ಹಾಕುವುದು ಗಂಡ ದಾಮೋದರನಿಂದಲೂ ಆಗದ ಮಾತು. ಈ ಸಲ ಅನುಮಾನ ಹುಟ್ಟಿದ್ದು ಅಂಗಳದ ದುಂಡುಮಲ್ಲಿಗೆ ಕಂಟಿಯಿಂದ. ಅಕ್ಕಲಕೋಟೆಯ ತವರುಮನೆ ಮಾರಿಹೋದಾಗ, ತಾಯಿ ನೆಟ್ಟ ಗಿಡದ ಟೊಂಗೆಯೊಂದನ್ನು ತಂದು ಸೊಲ್ಲಾಪುರದಲ್ಲಿ ಊರಿದ್ದಳು. ಆ ಮನೆಯದೆಂದು ಉಳಿದದ್ದು ಅದೊಂದೇ. ಅದೀಗ ಒಣಗುತ್ತಿತ್ತು, ಅವಳಿಗೆ ಊಟ ಸೇರುತ್ತಿರಲಿಲ್ಲ.

ಬಿಸಿಲಿಗೆ ಬಾಡಿದೆ, ಇನ್ನಷ್ಟು ನೀರು ಹಾಕು ಎಂದ ದಾಮೋದರ. ಹಾಕುವುದೆಲ್ಲಿಂದ? ನಳಕ್ಕೆ ನೀರು ಬರುವುದೇ ನಾಲ್ಕೈದು ದಿನಕ್ಕೊಮ್ಮೆ. ಆದರೂ ಅಕ್ಕಿ ತೊಳೆದ ನೀರು ಸುರಿದಳು, ಹಳೇ ಚಾದರ ಕಟ್ಟಿ ನೆರಳು ಮಾಡಿದಳು. ಎಲೆಯ ಅಂಚು ಕಂದಾಗುವುದು ನಿಲ್ಲಲಿಲ್ಲ. ಬಿಸಿಲೇ ಕಾರಣವಾದರೆ ಪಕ್ಕದ ಮನೆ ನೀಲಾಬಾಯಿಯ ದಾಸವಾಳ ಅಷ್ಟು ಹಸಿರಾಗಿರುವುದು ಹೇಗೆ? ಯುಗಾದಿ ಪಾಡ್ಯದ ದಿನ ಈ ಮಲ್ಲಿಗೆ ನೋಡಿ ಬಾಯಿತುಂಬ ಹೊಗಳಿದವಳೂ ಅವಳೇ. ಕಣ್ಣು ಬಿದ್ದದ್ದು ಅಂದೇ!

ಸರಿ, ದಿನಾ ಸಂಜೆ ದೃಷ್ಟಿ ತೆಗೆಯುವುದು ಶುರುವಾಯಿತು. ನೀಲಾಬಾಯಿಯ ಹೆಸರು ಹಿಡಿದು ಬೈಯುತ್ತ ಗಿಡಕ್ಕೆ ಹಿಡಿ ಉಪ್ಪು ನಿವಾಳಿಸುವಳು, ಕೆಟ್ಟ ಕಣ್ಣು ಹೀಗೇ ಕರಗಲಿ ಎಂದು ಅದನ್ನು ತಂಬಿಗೆ ನೀರಿನಲ್ಲಿ ಕರಗಿಸುವಳು. ಆ ನೀರನ್ನು ರಸ್ತೆಗೆ ಚೆಲ್ಲಬೇಕು. ಆದರೆ ಈ ಬೇಸಿಗೆಯಲ್ಲಿ ತಂಬಿಗೆ ನೀರು ಚೆಲ್ಲಲು ಯಾರಿಗೆ ಮನಸ್ಸು ಬಂದೀತು? ಗಿಡದ ಬುಡಕ್ಕೇ ಹಾಕುತ್ತಿದ್ದಳು.

ಗಿಡ ಇನ್ನಷ್ಟು ಬಾಡಿತು, ಅನುಮಾನ ಇನ್ನಷ್ಟು ಬಲಿಯಿತು. ಒಂದು ಮುಂಜಾನೆ ಕಿಟಕಿಯಿಂದ ನೋಡುತ್ತಾಳೆ, ನೀಲಾಬಾಯಿ ಕೊಡ ಬಗ್ಗಿಸಿ ಮಲ್ಲಿಗೆಯ ಬುಡಕ್ಕೆ ಏನೋ ಸುರಿಯುತ್ತಿದ್ದಾಳೆ. ಸಿಕ್ಕಿಬಿದ್ದಳು ಕಳ್ಳಿ! ಸೀತಾಬಾಯಿ ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಓಡಿದಳು.

"ಏನ ಹಾಕಾಕತ್ತೀರಿ ನನ್ನ ಗಿಡಕ್ಕ?"

ನೀಲಾಬಾಯಿ ಬೆಚ್ಚಲಿಲ್ಲ. ಕೊಡದ ನೀರನ್ನು ಅಂಗೈಗೆ ಬಗ್ಗಿಸಿಕೊಂಡು ತಾನೇ ಕುಡಿದಳು. ಆಮೇಲೆ ಮಣ್ಣಿನ ಮೇಲೆ ಬೆಳ್ಳಗೆ ಕಟ್ಟಿದ್ದ ಪದರವನ್ನು ಉಗುರಿನಿಂದ ಕೆರೆದು ಸೀತಾಬಾಯಿಯ ಅಂಗೈಗಿಟ್ಟಳು.

"ನೆಕ್ಕಿ ನೋಡ್ರಿ. ಉಪ್ಪ ಅದ. ಸೀ ನೀರ ಹಾಕಿ ಹಾಕಿ ಕೆಳಗ ಇಳಿಸಬೇಕ್ರಿ, ಇಲ್ಲಂದ್ರ ಬೇರ ಸುಟ್ಟ ಹೋಗ್ತಾವ."

ಸೀತಾಬಾಯಿ ನಾಲಿಗೆಗೆ ತಾಗಿಸಿದಳು. ಮುಖ ಕಪ್ಪಿಟ್ಟಿತು. ತಾಯಿಯ ಗಿಡಕ್ಕೆ ತಾನೇ ಕೈಯಾರೆ ಉಪ್ಪು ಉಣಿಸಿದ್ದಳು. ನಿಮಗೆ ಹೇಗೆ ಗೊತ್ತಾಯಿತೆಂದು ತಡವರಿಸಿ ಕೇಳಿದಳು.

"ದಿನಾ ಸಂಜಿಕ ನನ್ನ ಹೆಸರ ತಗೊಂಡ ಉಪ್ಪ ಇಳಸ್ತೀರಲ್ರಿ," ಎಂದಳು ನೀಲಾಬಾಯಿ. "ನಡುವಿನ ಗ್ವಾಡಿ ಗಿಡ್ಡ ಅದ. ಎಲ್ಲಾ ಕೇಳಸ್ತದ."

ಅಷ್ಟು ಹೇಳಿ, ಉಳಿದ ನೀರನ್ನೂ ನಿಧಾನವಾಗಿ ಬುಡಕ್ಕೆ ಬಿಡತೊಡಗಿದಳು. ನಳ ಬರಲು ಇನ್ನೂ ಎರಡು ದಿನವಿತ್ತು. ಸೀತಾಬಾಯಿ ಒಳಗೆ ಹೋಗಿ ತಮ್ಮ ಕುಡಿಯುವ ನೀರಿನ ಕೊಡವನ್ನೇ ಎತ್ತಿ ತಂದಳು. ಗಿಡದತ್ತ ಬಗ್ಗಿದವಳು ಅಷ್ಟಕ್ಕೇ ನಿಂತು, ಕೊಡವನ್ನು ನೀಲಾಬಾಯಿಗೆ ಕೊಟ್ಟಳು.

"ನೀವ ಹಾಕ್ರಿ. ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲ."